ದೂರವಿರುವುದೂ ದೂರವಿಡುವುದೂ

ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮ ಎಂಬ ಮೂರು ಪೂಜ್ಯಸ್ಥಾನದಲ್ಲಿರುವುವು. ಅವುಗಳಲ್ಲಿ ಲಿಂಗವು ಭಕ್ತನ ಅಂಗದ ಮೇಲೆಯೇ ನೆಲೆಗೊಂಡಿರುವುದರಿಂದ, ಸರಕಾರದ ಅಪ್ಪಣೆಯಾಗಲಿ ರೋಗದ ಭಯವಾಗಲಿ ಅದರ ಪೂಜೆಗೆ ಅಡ್ಡಿಯಾಗಲಾರದು. ೨೦೨೦ನೆಯ ಇಸವಿಯ ಮಾರ್ಚಿ ತಿಂಗಳ ಕೊನೆಯಲ್ಲಿ ಕೊರೋನಾ ಮಹಾಮಾರಿಯ ನಿಮಿತ್ತ ದೇಶದ ಗುಡಿ, ಮಸೀದಿ, ಇಗರ್ಜಿಗಳೆಲ್ಲವೂ ಕದವಿಕ್ಕಿಕೊಂಡಾಗ, ಲಿಂಗಾಯತ ಗೃಹಸ್ಥನು ತನ್ನ ಮನೆಯ ಜಗುಲಿಯ ಮೇಲೆ ಕುಳಿತು, ಕರಸ್ಥಲದಲ್ಲಿ ಇಷ್ಟಲಿಂಗವನ್ನು ಬಿಜಯಂಗೈಸಿಕೊಂಡು, ಎಂದಿನಂತೆ ಪೂಜೆಯನ್ನು ನಡೆಸಿಕೊಂಡನು. ಆ ವರ್ಷದ ಏಪ್ರಿಲ್ ೨೬ರಂದು ಬಂದ ಬಸವಜಯಂತಿಯು ಮೆರವಣಿಗೆಯಿಲ್ಲದೆ, ವಾದ್ಯವಿಲ್ಲದೆ, ಮನೆಮನೆಗಳಲ್ಲಿಯೇ ನಡೆದುಹೋಯಿತು. ಒಂದು ದಿನವೂ ಲಿಂಗಪೂಜೆ ತಪ್ಪಲಿಲ್ಲವೆಂದು ಅನೇಕ ಸದ್ಭಕ್ತರು ಸಂತೋಷದಿಂದ ಹೇಳಿಕೊಂಡರು. ಹೇಳಿಕೊಳ್ಳತಕ್ಕ ಮಾತೇ ಅದು.

ಆದರೆ ಜಂಗಮದ ಗತಿಯೇನಾಯಿತು? ಈ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ. ಜಂಗಮವೆಂದರೆ ಕಾವಿಯುಟ್ಟು ಜೋಳಿಗೆ ಹಿಡಿದು ಬರುವ ಮೂರ್ತಿ ಮಾತ್ರವೆಂದು ತಿಳಿಯುವುದು ಅರೆತಿಳಿವಳಿಕೆ. ಚೈತನ್ಯವುಳ್ಳದ್ದು, ಚಲಿಸುವುದು, ಹಸಿವು ನೀರಡಿಕೆಗಳನ್ನು ಬಲ್ಲದ್ದು, ಭಕ್ತನ ಅಂಗಳಕ್ಕೆ ಬಂದು ನಿಲ್ಲುವುದು ಎಲ್ಲವೂ ಜಂಗಮವೇ. ಶರಣರು ಜಂಗಮವನ್ನು ಲಿಂಗದ ಮುಖವೆಂದು ಕರೆದುದರ ಅಭಿಪ್ರಾಯವೂ ಇದೇ. ಆ ಎರಡು ತಿಂಗಳುಗಳ ಕಾಲ ಲಿಂಗವು ಮನೆಯೊಳಗೆ ಸುಖವಾಗಿ ಪೂಜೆಗೊಳ್ಳುತ್ತಿದ್ದಾಗ ಅದರ ಮುಖವು ಹೊರಗೆ ರಸ್ತೆಯಲ್ಲಿ ಬಿಸಿಲಿಗೆ ಬಾಡುತ್ತಿತ್ತು. ಆಗ ಅದು ಅನಿವಾರ್ಯವಾಗಿದ್ದೀತು. ಸೋಂಕು ಹರಡದಂತೆ ಬಾಗಿಲಿಕ್ಕಿಕೊಳ್ಳುವುದೇ ಆ ದಿನಗಳ ಸದಾಚಾರವಾಗಿತ್ತು. ಬಾಗಿಲುಗಳು ಒಂದೊಂದಾಗಿ ತೆರೆಯತೊಡಗಿದ ಮೇಲೆ ಆ ಅನಿವಾರ್ಯತೆಯ ಮಾತು ಉಳಿಯಲಿಲ್ಲ. ಭಕ್ತನ ನಿಜವಾದ ಪರೀಕ್ಷೆ ಬಂದದ್ದು ಮುಚ್ಚಿದ ಕಾಲದಲ್ಲಿ ಅಲ್ಲ, ಹೀಗೆ ತೆರೆದ ಕಾಲದಲ್ಲಿಯೇ.

ಇದನ್ನು ವಿಚಾರಿಸುವುದಕ್ಕೆ ಕಲ್ಯಾಣ ನಾಡಿನಷ್ಟು ತಕ್ಕ ಸ್ಥಳ ಮತ್ತೊಂದಿಲ್ಲ. ಬಸವಣ್ಣನವರ ಮಹಾಮನೆಯಿದ್ದ ಕಲ್ಯಾಣ ಪಟ್ಟಣವು ಬೀದರ ಜಿಲ್ಲೆಯಲ್ಲಿದೆ; ೨೦೧೯ರಲ್ಲಿ ಆ ಇಡೀ ಪ್ರಾಂತಕ್ಕೇ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಅದರ ಮರುವರ್ಷವೇ, ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊಟ್ಟಮೊದಲನೆಯ ಮರಣವು ಇದೇ ಪ್ರಾಂತದ ಕಲಬುರಗಿಯದೆಂದು ತಿಳಿದುಬಂದಿತು. ಮಾರ್ಚಿ ೧೦ರಂದು ಎಪ್ಪತ್ತಾರು ವರ್ಷದ ವೃದ್ಧರೊಬ್ಬರು ತೀರಿಕೊಂಡರು; ಎರಡು ದಿನಗಳ ಮೇಲೆ ರೋಗವು ಇದೇ ಎಂದು ದೃಢವಾಯಿತು. ಅಂದಿನಿಂದ ಕಲಬುರಗಿಯ ಹೆಸರು ಹೇಳಿದರೆ ಬೇರೆ ಊರಿನವರು ಹಿಂದೆ ಸರಿಯುವಂತಾಯಿತು. ದೂರವಿಡಿಸಿಕೊಳ್ಳುವುದೆಂದರೇನೆಂಬುದನ್ನು ಆ ನಾಡು ಎಲ್ಲರಿಗಿಂತ ಮೊದಲು ಅನುಭವಿಸಿತು. ಅಷ್ಟು ಅನುಭವಿಸಿದವರು ತಮ್ಮವರೇ ಮರಳಿ ಬಂದಾಗ ಹೇಗೆ ನಡೆದುಕೊಂಡರು ಎಂಬುದು ಮುಂದಿನ ಮಾತು.

ತೆರೆಯುವ ಕಾರ್ಯವು ಹಂತಹಂತವಾಗಿ ನಡೆಯಿತು. ಮಾರ್ಚಿ ೨೫ರಿಂದ ಇಪ್ಪತ್ತೊಂದು ದಿನವೆಂದು ಹೇಳಿದ್ದ ಲಾಕ್‌ಡೌನು ಮುಂದುವರಿಯುತ್ತ ಮೇ ಕೊನೆಯವರೆಗೆ ಬಂದಿತು. ಜಿಲ್ಲೆಗಳಿಗೆ ಕೆಂಪು, ಕಿತ್ತಳೆ, ಹಸಿರೆಂದು ಬಣ್ಣಗಳನ್ನು ಹಚ್ಚಿ, ಆಯಾ ಬಣ್ಣಕ್ಕೆ ತಕ್ಕಂತೆ ಸಡಿಲಿಕೆ ಕೊಟ್ಟರು. ಒಕ್ಕಲುತನಕ್ಕೆ ಮೊದಲ ದಿನಗಳಲ್ಲಿಯೇ ವಿನಾಯಿತಿ ದೊರೆತಿತ್ತು. ಮೇ ೪ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದುವು. ಮೇ ೧೯ರಂದು ಕ್ಷೌರದಂಗಡಿಗಳೂ, ಮೂವತ್ತೇ ಜನರನ್ನು ಕೂರಿಸಿಕೊಂಡು ಓಡುವ ಸಾರಿಗೆ ಬಸ್ಸುಗಳೂ. ಜೂನ್ ೮ರಂದು ಹೋಟೆಲುಗಳೂ ದೇವಸ್ಥಾನಗಳೂ. ಎಲ್ಲಕ್ಕಿಂತ ಮೊದಲು ಉದ್ದನೆಯ ಸಾಲು ಕಂಡದ್ದು ಯಾವ ಬಾಗಿಲಿನ ಮುಂದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಲಜ್ಜೆಯುಳ್ಳ ಗೃಹಸ್ಥರು ಅದನ್ನು ತಾವೇ ನೆನೆದುಕೊಂಡಾರು.

ಮೇ ತಿಂಗಳಲ್ಲಿಯೇ ಮುಂಬಯಿ, ಪುಣೆಗಳಿಂದ ಕಲಬುರಗಿ ಯಾದಗಿರಿ ಜಿಲ್ಲೆಗಳ ಕೂಲಿಕಾರರು ಹಿಂದಿರುಗತೊಡಗಿದರು. ಇವರು ಪರಸ್ಥಳದವರಲ್ಲ. ಮಳೆಯಿಲ್ಲದ ವರ್ಷಗಳಲ್ಲಿ ತೊಗರಿಯ ಹೊಲವನ್ನು ಬಿಟ್ಟು, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ದೊಡ್ಡ ಪಟ್ಟಣಗಳಲ್ಲಿ ಕಲ್ಲು ಮಣ್ಣು ಹೊತ್ತು ಬದುಕಿದವರು. ಅಲ್ಲಿ ಕೆಲಸ ನಿಂತಿತು, ಕೂಲಿ ನಿಂತಿತು, ಸೋಂಕೂ ಹೆಚ್ಚಿತು. ಬಂದವರನ್ನು ಗಡಿಯಲ್ಲಿ ತಡೆದು, ಊರಿನ ಶಾಲೆ ವಸತಿಗೃಹಗಳಲ್ಲಿ ಕ್ವಾರಂಟೈನು ಮಾಡಿ ಇರಿಸಿದರು. ರೋಗವನ್ನು ತಡೆಯುವುದಕ್ಕೆ ಅದು ಬೇಕಾಗಿತ್ತು. ಬಂದವರಲ್ಲಿ ಅನೇಕರಿಗೆ ಸೋಂಕು ತಗಲಿದ್ದುದೂ ನಿಜ. ಅದಕ್ಕೂ ಮೊದಲು, ಮಾರ್ಚಿ ಏಪ್ರಿಲಿನಲ್ಲಿ, ಎಷ್ಟೋ ಗ್ರಾಮಗಳು ತಮ್ಮ ದಾರಿಗೆ ಅಡ್ಡಲಾಗಿ ಮುಳ್ಳು ಕಡಿದು ಹಾಕಿಕೊಂಡಿದ್ದುವು. ಆ ಮುಳ್ಳನ್ನು ಮೇ ತಿಂಗಳಲ್ಲಿ ರಸ್ತೆಯಿಂದ ತೆಗೆದರು. ಆದರೆ ನಿಗದಿಯಾದ ದಿನಗಳನ್ನು ಶಾಲೆಯಲ್ಲಿ ಕಳೆದು, ಸೋಂಕಿಲ್ಲವೆನ್ನಿಸಿಕೊಂಡು ಹೊರಬಿದ್ದವನನ್ನು ಕಂಡರೂ ನೆರೆಯವನು ಬಾಗಿಲು ಹಾಕಿಕೊಂಡರೆ, ಆ ಮುಳ್ಳು ರಸ್ತೆಯಿಂದೆದ್ದು ಎಲ್ಲಿಗೆ ಹೋಯಿತು?

ಶರಣಧರ್ಮವು ಐದು ಸೂತಕಗಳನ್ನು ಒಪ್ಪುವುದಿಲ್ಲ. ಜನನಸೂತಕ, ಪ್ರೇತಸೂತಕ, ರಜಃಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಇವು ಲಿಂಗಧಾರಿಗೆ ಇಲ್ಲವೆಂಬುದನ್ನು ಬಾಲಕರೂ ಬಲ್ಲರು. ಸೂತಕವೆಂದರೇನು? ಒಬ್ಬನ ಸ್ಥಿತಿಯನ್ನೇ ಅವನ ದೋಷವೆಂದು ಎಣಿಸಿ, ಅವನ ಸಂಗವನ್ನು ಕೀಳೆಂದು ಬಿಡುವುದು. ಸೋಂಕಿಗೆ ಹೆದರಿ ಆರು ಅಡಿ ದೂರ ನಿಲ್ಲುವುದು ಬೇರೆಯ ಮಾತು. ಅದರಲ್ಲಿ ಕೀಳು ಮೇಲು ಇಲ್ಲ. ತಾನು ಅವನಿಂದ ದೂರ ನಿಂತಂತೆ ಅವನೂ ತನ್ನಿಂದ ದೂರ ನಿಲ್ಲುತ್ತಾನೆ. ದಿನಗಳು ತುಂಬಿದ ಕೂಡಲೆ ಆ ದೂರವೂ ತೀರಿಹೋಗುತ್ತದೆ. ಸೂತಕಕ್ಕೆ ಹೀಗೆ ತೀರುವ ದಿನವಿಲ್ಲ. ಮೊದಲನೆಯದು ವೈದ್ಯನು ಹೇಳಿದ ಪಥ್ಯ. ಎರಡನೆಯದು ಹನ್ನೆರಡನೆಯ ಶತಮಾನದಲ್ಲಿ ಶರಣರು ಕಿತ್ತೆಸೆದ ಹಳೆಯ ಕಳೆ. ಕಳೆಯು ಪಥ್ಯದ ವೇಷ ಧರಿಸಿ ಹೊಲವನ್ನು ಹೊಕ್ಕರೆ ಗುರುತು ಹಿಡಿಯುವುದು ಕಷ್ಟ.

ಗುರುತು ಹಿಡಿಯುವುದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಭೀಮಾತೀರದ ಒಂದು ಗ್ರಾಮ. ವೃದ್ಧ ಗೃಹಸ್ಥನೊಬ್ಬನು ಮುಂಜಾನೆ ಪೂಜೆ ತೀರಿಸಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಾನೆ. ಚಿಕ್ಕಂದಿನಲ್ಲಿ ಅವನ ಹೊಲದಲ್ಲಿಯೇ ದುಡಿದು ಆಮೇಲೆ ಮುಂಬಯಿಗೆ ಹೋಗಿದ್ದವನು, ಮುಖಕ್ಕೆ ಟವೆಲು ಸುತ್ತಿಕೊಂಡು, ಅಂಗಳದಾಚೆ ಬಂದು ನಿಂತನು.

“ಶರಣ್ರೀ ಅಪ್ಪಾ.”

“ಶರಣಪ್ಪಾ. ಯಾವಾಗ ಬಂದಿ?”

“ಮೂರು ವಾರ ಆತ್ರಿ. ಸಾಲಿಯೊಳಗ ಇಟ್ಟಿದ್ರು. ಜಡ್ಡು ಇಲ್ಲಂತ ಹೇಳಿ ಬಿಟ್ಟಾರ್ರಿ.”

ಒಳಗಿನಿಂದ ಮಗನು ಕೂಗಿದನು: “ಅಪ್ಪಾ, ಅವನ್ನ ಕಟ್ಟಿ ಹತ್ತಿಸಬ್ಯಾಡ್ರಿ!”

“ಕಟ್ಟಿ ಅಗಲ ಐತಪ್ಪಾ. ಅವ ಆ ತುದಿಗೆ ಕೂಡತಾನ, ನಾ ಈ ತುದಿಗೆ ಕೂಡತೀನಿ. ನೀ ಅವಂಗ ಚಾ ತಗೊಂಡು ಬಾ.”

ಮಗನು ಬಾಗಿಲಿನವರೆಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದನು: “ಯಾವ ಕಪ್ಪಿನ್ಯಾಗ ಕೊಡಲ್ರಿ?”

“ನಾ ಕುಡಿಯೋ ಅಂಥಾ ಕಪ್ಪಿನ್ಯಾಗ ಕೊಡು. ಅವ ಕುಡದ ಮ್ಯಾಲೆ ಕುದಿನೀರಾಗ ತೊಳಿ. ನಾ ಕುಡದದ್ದನ್ನೂ ಹಂಗ ತೊಳಿ.”

ಶಾಸ್ತ್ರಾರ್ಥವೆಲ್ಲವೂ ಆ ಕೊನೆಯ ಮಾತಿನಲ್ಲಿ ಅಡಗಿದೆ. ಬಂದವನ ಕಪ್ಪನ್ನು ಮಾತ್ರ ತೊಳೆಸಿದ್ದರೆ ಅದು ಸೂತಕವಾಗುತ್ತಿತ್ತು. ಯಾವುದನ್ನೂ ತೊಳೆಯಿಸದೆ ಬಿಟ್ಟಿದ್ದರೆ ಅವಿವೇಕವಾಗುತ್ತಿತ್ತು. ಎರಡನ್ನೂ ಒಂದೇ ಕುದಿನೀರಿಗೆ ಹಾಕಿಸಿದ ವೃದ್ಧನು, ರೋಗಕ್ಕೆ ಜಾತಿಯಿಲ್ಲವೆಂಬುದನ್ನೂ ತನ್ನ ಬಾಯೂ ಅದಕ್ಕೆ ಹೊರತಲ್ಲವೆಂಬುದನ್ನೂ ಒಪ್ಪಿಕೊಂಡನು. ಕೊರೋನಾ ಹೋದ ಮೇಲೂ ಕೂಲಿಯವರಿಗೆಂದು ಬೇರೆ ಲೋಟವನ್ನು ಗೂಟಕ್ಕೆ ತೂಗುಹಾಕಿಟ್ಟ ಮನೆಗಳು ಇಲ್ಲದಿಲ್ಲ. ಅಂಥ ಮನೆಯ ಜಗುಲಿಯ ಮೇಲೆ ನಡೆಯುವ ಲಿಂಗಪೂಜೆಯನ್ನು ಕುರಿತು ಏನು ಹೇಳತಕ್ಕದ್ದು?

ಪ್ರೇತಸೂತಕದ ಮಾತನ್ನೂ ಇಲ್ಲಿಯೇ ಎತ್ತಬೇಕಾಗಿದೆ. ಲಿಂಗೈಕ್ಯನಾದವನ ದೇಹಕ್ಕೆ ವಿಭೂತಿ ಧರಿಸಿ, ಕೂರಿಸಿ, ಸಮಾಧಿಯಲ್ಲಿ ಇಳಿಸುವುದು ಸಂಪ್ರದಾಯ. ಆ ದಿನಗಳಲ್ಲಿ ಅದು ಸಾಧ್ಯವಾಗದೆ, ಚೀಲದಲ್ಲಿ ಕಟ್ಟಿದ ದೇಹವನ್ನು ಅಪರಿಚಿತರ ಕೈಗೆ ಒಪ್ಪಿಸಿ, ದೂರದಲ್ಲಿ ನಿಂತು ನಮಸ್ಕರಿಸಿದ ಮಕ್ಕಳ ದುಃಖ ಹೇಳತೀರದು. ಕ್ರಿಯೆ ತಪ್ಪಿತೆಂದು ಇಂದಿಗೂ ಕೊರಗುವವರಿದ್ದಾರೆ. ಅವರು ಕೊರಗಬೇಕಾಗಿಲ್ಲ. ಲಿಂಗಾಂಗಸಾಮರಸ್ಯವು ಜೀವವಿರುವಾಗ ನಡೆಯಬೇಕಾದ ಸಾಧನೆ. ಗುಂಡಿಯ ಅಳತೆಯಾಗಲಿ ಹೊದಿಸಿದ ಬಟ್ಟೆಯಾಗಲಿ ಅದನ್ನು ಕೂಡಿಸಲಾರದು, ಕಳೆಯಲಾರದು. ಆದರೆ ದೇಹಕ್ಕೆ ಮರ್ಯಾದೆ ತೋರುವುದು ಬದುಕಿದವರ ಧರ್ಮ. ಊರುಗಳು ತೆರೆಯತೊಡಗಿದ್ದ ೨೦೨೦ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ರೋಗದಿಂದ ತೀರಿಕೊಂಡವರ ದೇಹಗಳನ್ನು ಎಳೆದೊಯ್ದು ಒಂದೇ ಗುಂಡಿಗೆ ಎಸೆದ ದೃಶ್ಯವನ್ನು ನಾಡೆಲ್ಲ ಕಂಡಿತು. ಜಿಲ್ಲಾಡಳಿತವು ಕ್ಷಮೆ ಬೇಡಿತು. ಎಸೆದವರನ್ನು ಬಯ್ಯುವುದು ಸುಲಭ. ತನ್ನ ಓಣಿಯಲ್ಲಿ ಮರಣವಾದ ಮನೆಗೆ ಎಷ್ಟು ದಿನ ಯಾರೂ ಮಾತನಾಡಿಸಲು ಹೋಗಲಿಲ್ಲವೆಂಬುದನ್ನು ಲೆಕ್ಕ ಹಾಕಿದರೆ ಬಯ್ಯುವ ನಾಲಗೆ ತಾನಾಗಿಯೇ ಸುಮ್ಮನಾಗುತ್ತದೆ. ಹತ್ತಿರ ಹೋಗುವುದು ಆಗದಿದ್ದರೆ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆಯಬಹುದಾಗಿತ್ತು.

ಇನ್ನು ಕಾಯಕದ ವಿಚಾರ. ಬಾಗಿಲು ತೆರೆದಾಗ ಎಲ್ಲರ ಕಾಯಕವೂ ಒಮ್ಮೆಗೇ ತೆರೆಯಲಿಲ್ಲ. ಎರಡು ತಿಂಗಳು ಕತ್ತರಿ ಹಿಡಿಯದೆ ಕುಳಿತಿದ್ದ ಹಡಪದ ಬಂಧುಗಳು ಮೇ ತಿಂಗಳಲ್ಲಿ ಅಂಗಡಿ ತೆರೆದರೂ ಗಿರಾಕಿಗಳು ಬರಲು ಅಂಜಿದರು. ಅವರ ಕಾಯಕವೇ ಅಂಥದು. ಕೈ ಮುಖಕ್ಕೆ ತಾಗದೆ ನಡೆಯಲಾರದು. ಬಸವಣ್ಣನವರ ಸಮೀಪದಲ್ಲಿಯೇ ಹಡಪದ ಅಪ್ಪಣ್ಣನವರು ಇದ್ದರೆಂದು ಜಯಂತಿಯ ದಿನ ಭಾಷಣ ಮಾಡುವವರು, ಇದ್ದ ಒಂದು ಅಂಗಡಿಯ ಮೆಟ್ಟಿಲು ಹತ್ತಲು ಒಂದು ಋತು ಕಾದರು. ಬಟ್ಟೆಯ ಮೂಲಕ ರೋಗ ಬಂದೀತೆಂದು ಮಡಿವಾಳರನ್ನೂ ದೂರ ಮಾಡಿದವರುಂಟು. ಮಾಚಿತಂದೆಯ ಹೆಸರನ್ನು ನೆನೆದಾದರೂ ಅವರು ತಡೆಯಬಹುದಿತ್ತು. ಸರಕಾರವು ಆ ಮೇ ತಿಂಗಳಲ್ಲಿ ಕ್ಷೌರಿಕರಿಗೂ ಮಡಿವಾಳರಿಗೂ ಆಟೋ ಚಾಲಕರಿಗೂ ಒಂದು ಸಲಕ್ಕೆ ಐದೈದು ಸಾವಿರ ರೂಪಾಯಿಗಳನ್ನು ಘೋಷಿಸಿತು. ಅದು ಅರಸನ ಕೆಲಸ. ಮನೆಗೆಲಸದ ತಾಯಿಯನ್ನು ಏಪ್ರಿಲ್ ಮೇ ತಿಂಗಳುಗಳಲ್ಲಿ ಬರಬೇಡವೆಂದು ಹೇಳಿದ ಗೃಹಸ್ಥನು, ಅವಳು ಜೂನಿನಲ್ಲಿ ಮತ್ತೆ ಕಸಬರಿಗೆ ಹಿಡಿದಾಗ ಆ ಎರಡು ತಿಂಗಳ ಪಗಾರವನ್ನು ಕೊಟ್ಟನೇ ಇಲ್ಲವೇ ಎಂಬುದು ಭಕ್ತನ ಕೆಲಸ. ಕೊಟ್ಟವರೂ ಉಂಟು. ಕೊಡದವರು, ಕೆಲಸ ಮಾಡದೆ ಕೂಲಿ ಕೊಡುವುದು ಕಾಯಕತತ್ತ್ವಕ್ಕೆ ವಿರೋಧವೆಂದು ವಾದಿಸಿದರಂತೆ! ಬರಬೇಡವೆಂದವನು ತಾನು, ಕಾಯಕವನ್ನು ತಪ್ಪಿಸಿದವನೂ ತಾನೇ. ತತ್ತ್ವವನ್ನು ತನ್ನ ಹಣದ ಚೀಲಕ್ಕೆ ಕಾವಲಿಡುವ ಈ ಜಾಣತನವನ್ನು ಶರಣರು ಸಹಿಸುತ್ತಿರಲಿಲ್ಲ.

ಆಶಾ ಕಾರ್ಯಕರ್ತೆಯರ ವಿಷಯವೂ ಹೀಗೆಯೇ. ಮಾರ್ಚಿ ೨೨ರ ಸಂಜೆ ಐದು ಗಂಟೆಗೆ ನಾಡೆಲ್ಲ ಬಾಗಿಲಿಗೆ ಬಂದು, ಇಂಥವರ ಗೌರವಾರ್ಥವಾಗಿ ಚಪ್ಪಾಳೆ ತಟ್ಟಿ ಜಾಗಟೆ ಬಾರಿಸಿತು. ಮನೆಮನೆಗೆ ತಿರುಗಿ ಜ್ವರ ಕೆಮ್ಮುಗಳ ಲೆಕ್ಕ ಬರೆದುಕೊಂಡವರು ಅವರು. ಜುಲೈ ೧೦ರಿಂದ, ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನ ಬೇಕೆಂದು, ರಾಜ್ಯದ ಸುಮಾರು ನಲವತ್ತೆರಡು ಸಾವಿರ ಆಶಾ ತಾಯಂದಿರು ಕೆಲಸ ನಿಲ್ಲಿಸಬೇಕಾಯಿತು. ಚಪ್ಪಾಳೆಯಿಂದ ಒಲೆ ಹೊತ್ತುವುದಿಲ್ಲ. ಕಾಯಕವನ್ನು ಹೊಗಳಿ ಕಾಯಕಜೀವಿಯ ಹೊಟ್ಟೆಯನ್ನು ಮರೆಯುವುದು ಜಂಗಮವನ್ನು ಮರೆತು ಲಿಂಗವನ್ನು ಪೂಜಿಸಿದಂತೆಯೇ ಸರಿ.

ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಎಂಬ ಶರಣ ದಂಪತಿಗಳು ಬಾಳಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟು ಏಕೆಂದು ಲಕ್ಕಮ್ಮ ತಡೆದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಕಥೆ ಎಲ್ಲರಿಗೂ ಗೊತ್ತು. ಲಾಕ್‌ಡೌನಿನ ಸುದ್ದಿ ಬಂದ ರಾತ್ರಿಯೇ ಕಿರಾಣಿ ಅಂಗಡಿಯ ಮುಂದೆ ನುಗ್ಗಿ ಆರು ತಿಂಗಳ ಬೇಳೆ, ಎಣ್ಣೆ, ಸಕ್ಕರೆಗಳನ್ನು ತಂದು ಕೋಣೆ ತುಂಬಿಸಿದವರಿಗೂ ಗೊತ್ತು. ಗಾಬರಿಯಲ್ಲಿ ಮಾಡಿದುದನ್ನು ಕ್ಷಮಿಸಬಹುದು. ಜೂನ್ ತಿಂಗಳಲ್ಲಿ ಅಂಗಡಿಗಳೆಲ್ಲ ತೆರೆದು ಸಾಮಾನು ಸರಾಗವಾಗಿ ದೊರೆಯತೊಡಗಿದ ಮೇಲೂ ಆ ಚೀಲಗಳು ಕೋಣೆಯಲ್ಲಿ ನುಸಿ ಹಿಡಿಯುತ್ತ ಕುಳಿತಿದ್ದರೆ, ಆ ಮನೆಯಲ್ಲಿ ಮಾರಯ್ಯನಿದ್ದಾನೆ, ಲಕ್ಕಮ್ಮ ಇಲ್ಲ.

ಜೂನ್ ೮ರಂದು ದೇವಸ್ಥಾನಗಳು ತೆರೆದಾಗ, ಒಳಗೆ ಮೂರ್ತಿಯನ್ನು ಮುಟ್ಟಕೂಡದು, ತೀರ್ಥಪ್ರಸಾದಗಳನ್ನು ಹಂಚಕೂಡದು, ಒಂದೆಡೆ ಕೂಡಿ ಹಾಡಕೂಡದು ಎಂಬ ನಿಯಮಗಳು ಹೊರಟವು. ಅನ್ನದಾಸೋಹಕ್ಕೆ ಅಡ್ಡಿಯಿರಲಿಲ್ಲ, ಅಂತರವಿಟ್ಟು ಬಡಿಸಬೇಕೆಂದಿತ್ತು. ಪಾದೋದಕ ಪ್ರಸಾದಗಳು ಅಷ್ಟಾವರಣದಲ್ಲಿ ಸೇರಿದವಾದ್ದರಿಂದ ಕೆಲವು ಹಿರಿಯ ಭಕ್ತರ ಮನಸ್ಸಿಗೆ ಇದು ಮುಳ್ಳಿನಂತೆ ಚುಚ್ಚಿತು. ಅವರ ಸಂಕಟವನ್ನು ಹಗುರಾಗಿ ಕಾಣಲಾಗದು. ಆದರೆ ಪ್ರಸಾದವೆಂದರೆ ಮೊದಲು ಮನಸ್ಸಿನ ಪ್ರಸನ್ನತೆ. ಅರ್ಪಿಸಿ ಕೊಳ್ಳುವ ಅವಧಾನವೇ ಅದರ ಜೀವ. ತನ್ನ ಕೈಯ ತುತ್ತು ನೆರೆಯವನಿಗೆ ರೋಗವನ್ನು ಒಯ್ಯಬಹುದೆಂಬ ಅರಿವಿದ್ದೂ ಹಂಚುವವನಿಗೆ ಅವಧಾನ ಎಲ್ಲಿ ಉಳಿಯಿತು? ಹಂಚದೆ ಕೈ ಹಿಡಿದವನೂ ಅಂದು ಪ್ರಸಾದಿಯೇ.

ಮುಖಗವಸನ್ನು ಕುರಿತು ಬಹಳ ಮಂದಿ ಗೊಣಗಿದರು. ಅದರ ಗುಣವೇನೆಂದರೆ, ಧರಿಸಿದವನನ್ನು ಅದು ಕಾಪಾಡುವುದಕ್ಕಿಂತ ಎದುರಿಗೆ ನಿಂತವನನ್ನು ಹೆಚ್ಚಾಗಿ ಕಾಪಾಡುತ್ತದೆಂದು ವೈದ್ಯರು ಅಂದು ಹೇಳಿದರು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದುಂಟು, ತಾನು ಎಲ್ಲರಿಗೂ ಕಿಂಕರನೆಂದು ತಿಳಿದು ನಡೆಯುವುದೇ ಅದು. ಒಂದು ಗೇಣು ಬಟ್ಟೆಯಲ್ಲಿ ಭೃತ್ಯಾಚಾರವನ್ನು ಪಾಲಿಸುವ ಸದವಕಾಶ ಹಿಂದಿನ ಭಕ್ತರಿಗೆ ದೊರೆತಿರಲಿಲ್ಲ. ದೊರೆತವರು ಅದನ್ನು ಗದ್ದಕ್ಕೆ ಇಳಿಬಿಟ್ಟು ತಿರುಗಿದರು. ೨೦೨೦ರ ಸೆಪ್ಟೆಂಬರಿನಲ್ಲಿ ಬಸವಕಲ್ಯಾಣದ ಶಾಸಕರು ಇದೇ ರೋಗಕ್ಕೆ ತುತ್ತಾಗಿ ತೀರಿಕೊಂಡರು. ಅವರಿಂದ ತೆರವಾದ ಸ್ಥಾನಕ್ಕೆ ೨೦೨೧ರ ಏಪ್ರಿಲ್ ೧೭ರಂದು ಉಪಚುನಾವಣೆ ನಡೆಯಿತು. ಎರಡನೆಯ ಅಲೆಯು ಏರಿ ಬರುತ್ತಿದ್ದ ದಿನಗಳವು. ಹತ್ತು ದಿನ ಕಳೆಯುವುದರೊಳಗೆ ರಾಜ್ಯವೆಲ್ಲ ಮತ್ತೆ ಬಾಗಿಲಿಕ್ಕಿಕೊಂಡಿತು. ಮೇ ೧೪ರ ಬಸವಜಯಂತಿಯು ಎರಡನೆಯ ಸಲ ಮುಚ್ಚಿದ ಮನೆಗಳಲ್ಲಿ ಬಂದು ಹೋಯಿತು. ದೇವಸ್ಥಾನಗಳಲ್ಲಿ ಮತ್ತೆ ದರ್ಶನ ದೊರೆತದ್ದು ಜುಲೈ ೫ರ ಮೇಲೆ. ಆ ನಡುವೆ ಕೊಪ್ಪಳದ ಗವಿಮಠವು ತನ್ನ ಕಟ್ಟಡವನ್ನೇ ರೋಗಿಗಳ ಆಸ್ಪತ್ರೆಯನ್ನಾಗಿ ಬಿಟ್ಟುಕೊಟ್ಟಿತು. ದಾಸೋಹವೆಂದರೆ ಅನ್ನವೊಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಡ.

ಮದುವೆಗಳ ಮಾತನ್ನು ಇಷ್ಟರಲ್ಲಿಯೇ ಮುಗಿಸಬಹುದು. ಐವತ್ತು ಜನರಿಗಿಂತ ಹೆಚ್ಚು ಸೇರಕೂಡದೆಂದು ನಿಯಮವಿದ್ದಾಗ ಮನೆಯಂಗಳದಲ್ಲಿ, ಗುರುಗಳ ಸಮ್ಮುಖದಲ್ಲಿ, ಸಾಲವಿಲ್ಲದೆ ಮದುವೆಗಳು ನಡೆದುವು. ಹೆಣ್ಣು ಹೆತ್ತವರು ನಿಟ್ಟುಸಿರು ಬಿಟ್ಟರು. ನಿಯಮ ಸಡಿಲವಾದೊಡನೆ ಮಂಟಪಗಳೂ ಸಾಲಗಳೂ ಮರಳಿದುವು. ರೋಗಕ್ಕೆ ಹೆದರಿ ಸರಳವಾದವರು ಧರ್ಮಕ್ಕಾಗಿ ಸರಳವಾಗಲಿಲ್ಲ.

ಮರಳಿ ಬಂದಿದ್ದ ಕೂಲಿಕಾರರ ವೃತ್ತಾಂತವನ್ನು ಇನ್ನೂ ಪೂರ್ತಿ ಹೇಳಿದಂತಾಗಲಿಲ್ಲ. ೨೦೨೦ರ ಜೂನಿನಲ್ಲಿ, ದೇವಸ್ಥಾನಗಳು ತೆರೆದ ದಿನಗಳಲ್ಲಿಯೇ ಮೃಗಶಿರಾ ಮಳೆಯೂ ಕಾಲಿಟ್ಟಿತು. ಕಾರಹುಣ್ಣಿಮೆ ಕಳೆದು ಬಿತ್ತನೆಗೆ ಹೊಲಗಳು ಸಿದ್ಧವಾದುವು. ಉದ್ಯೋಗ ಖಾತರಿಯಲ್ಲಿ ದಿನಕ್ಕೆ ೨೭೫ ರೂಪಾಯಿ ಕೂಲಿಯಂತೆ ಬಂದವರಲ್ಲಿ ಅನೇಕರು ಕೆರೆಗಳ ಹೂಳೆತ್ತಿದರು, ಬದು ಹಾಕಿದರು, ಕೃಷಿಹೊಂಡ ತೋಡಿದರು. ದೂರವಿಡಲ್ಪಟ್ಟವರ ಕೈಗಳೇ ಊರಿನ ನೀರಿನ ಪಾತ್ರೆಯನ್ನು ಆಳಗೊಳಿಸಿದುವು. ಅವರು ಮೇ ತಿಂಗಳಲ್ಲಿ ಮಲಗಿದ್ದ ಶಾಲೆಗಳನ್ನು ತೊಳೆದು, ಔಷಧಿ ಸಿಂಪಡಿಸಿ, ಜೂನ್ ೨೫ರಿಂದ ಹತ್ತನೆಯ ತರಗತಿಯ ಪರೀಕ್ಷೆಗಳನ್ನು ನಡೆಸಿದರು. ಆ ಪರೀಕ್ಷೆಗೆ ನಾಡಿನಲ್ಲಿ ಎಂಟು ಲಕ್ಷ ಮಕ್ಕಳು ಸಿದ್ಧರಾಗಿದ್ದರು. ಬೆಂಚಿಗೆ ಬೆಂಚು ದೂರವಿಟ್ಟು, ಬಾಗಿಲಲ್ಲಿ ಜ್ವರವನ್ನು ಅಳೆದು ಅವರನ್ನು ಒಳಗೆ ಬಿಟ್ಟರು.

ಆಮೇಲೆ ಅಕ್ಟೋಬರು ಬಂದಿತು. ಮಹಾರಾಷ್ಟ್ರದಲ್ಲಿಯೂ ಕಲಬುರಗಿ ಸೀಮೆಯಲ್ಲಿಯೂ ಸುರಿದ ಅತಿವೃಷ್ಟಿಯಿಂದ ಭೀಮೆ ಉಕ್ಕಿ ದಡವನ್ನು ಮೀರಿದಳು. ತೊಗರಿ, ಹತ್ತಿಗಳ ಹೊಲಗಳು ನೀರಿನಲ್ಲಿ ನಿಂತುವು. ತೀರದ ಗ್ರಾಮಗಳ ಜನರು ಉಟ್ಟ ಬಟ್ಟೆಯಲ್ಲಿ ಮನೆಗಳನ್ನು ಬಿಟ್ಟು ಎತ್ತರದ ಸ್ಥಳಗಳಿಗೆ ಬಂದರು. ಕಾಳಜಿ ಕೇಂದ್ರಗಳೆಂದು ಶಾಲೆಗಳನ್ನು ಮತ್ತೆ ತೆರೆದರು. ಸೋಂಕು ಇನ್ನೂ ಹೋಗಿರಲಿಲ್ಲ. ಆದರೆ ಹೊಳೆಯ ನೀರು ಆರು ಅಡಿಯ ಲೆಕ್ಕವನ್ನು ಕೇಳಲಿಲ್ಲ. ಮೇ ತಿಂಗಳಲ್ಲಿ ಮುಂಬಯಿಯಿಂದ ಬಂದವರನ್ನು ಇರಿಸಿದ್ದ ಅಂಥವೇ ಕೋಣೆಗಳಲ್ಲಿ, ಈಗ ಹೊಲವುಳ್ಳವರೂ ಹೊಲವಿಲ್ಲದವರೂ ಒಂದೇ ಚಾಪೆಯ ಮೇಲೆ ರಾತ್ರಿಗಳನ್ನು ಕಳೆದರು. ಒಂದೇ ಒಲೆಯ ಅನ್ನವನ್ನು ಸಾಲಾಗಿ ಕುಳಿತು ಉಂಡರು.